ಗೌರತ್ತೆಯ ಕೂದಲು ಒಣಗದ ಶನಿವಾರ

ಕಳೆದ ಡಿಸೆಂಬರಿನ ಒಂದು ಸಂಜೆ ಊಟಿಯ ಮಾರ್ಕೆಟ್ಟಿನ ಹಿಂದಿನ ಬೀದಿಯ ಬ್ಯೂಟಿ ಪಾರ್ಲರೊಂದರಲ್ಲಿ ಕೂತಿದ್ದೆ. ಗೆಳತಿಯ ಅಕ್ಕನ ಮದುವೆಗೆಂದು ನನ್ನ ಮಗಳು ಕೂದಲು ನೇರ ಮಾಡಿಸಿಕೊಳ್ಳುತ್ತಿದ್ದಳು. ಹೊರಗೆ ಹಲ್ಲು ಕಟಕಟಿಸುವ ಚಳಿ. ಪಾರ್ಲರಿನ ಹುಡುಗಿ ಕಿಟಕಿ ಮುಚ್ಚಿ, ಬಾಗಿಲು ಮುಚ್ಚಿ, ಮೂಲೆಯಲ್ಲಿ ಹೀಟರು ಹಚ್ಚಿಟ್ಟು, ಕಾದ ಇಕ್ಕಳದಂಥ ಯಂತ್ರದಲ್ಲಿ ಮಗಳ ಕೂದಲನ್ನು ಸ್ವಲ್ಪಸ್ವಲ್ಪವೇ ಹಿಡಿದು ಕೆಳಗೆ ಎಳೆಯುತ್ತಿದ್ದಳು. ಯಾವುದೋ ಒಂದು ಎಳೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆ ಇಕ್ಕಳದಲ್ಲಿ ಉಳಿದಿರಬೇಕು. ಸೀದ ವಾಸನೆ ಬಂತು. ಅಷ್ಟೇ. ಹುಡುಗಿ ನಕ್ಕು, ಏನೂ ಆಗಿಲ್ಲ ಅಕ್ಕಾ ಎಂದು ತಮಿಳಿನಲ್ಲಿ ಹೇಳಿದಳು. ಆದರೆ ನಾನು ಆಗಲೇ ಎದ್ದು ನಿಂತಿದ್ದೆ. ಕಿಟಕಿಯ ಚಿಲಕ ಸಿಕ್ಕದೆ ಎರಡು ಸಲ ಕೈ ಜಾರಿತು. ಮೂರನೆಯ ಸಲಕ್ಕೆ ಕಿಟಕಿ ಧಡಾರೆಂದು ತೆರೆದುಕೊಂಡು, ತಣ್ಣನೆಯ ಗಾಳಿ ಒಳನುಗ್ಗಿ, ಗೋಡೆಯ ಕ್ಯಾಲೆಂಡರು ಹಾರಿಬಿತ್ತು. "ಅಮ್ಮಾ, ಏನಾಯ್ತು ನಿಂಗೆ?" ಎಂದಳು ಮಗಳು. ಏನೂ ಇಲ್ಲ ಎಂದೆ. ಕನ್ನಡಿಯಲ್ಲಿ ಕಂಡ ನನ್ನ ಮುಖ ಮಾತ್ರ ಹತ್ತು ವರ್ಷದ ಹುಡುಗಿಯದಾಗಿತ್ತು. ಮಗಳಿಗೆ ಅವತ್ತು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ನಿಮಗೂ ಬಾಲ್ಯದ ಮನೆಯೊಂದಿದ್ದು, ಅದು ಈಗ ಇಲ್ಲವಾಗಿದ್ದರೆ, ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆ ಊಟಿಯ ಹತ್ತಿರದ ಎಮರಾಲ್ಡ್ ಎಂಬ ಊರಿನ ಕೆರೆಯ ಮೇಲಿನ ಇಳಿಜಾರಿನಲ್ಲಿತ್ತು. ಅಣೆಕಟ್ಟು ಕಟ್ಟುವ ಕಾಲದಲ್ಲಿ ಮಣ್ಣು ಹೊರುವ ಕೆಲಸಕ್ಕೆಂದು ನಂಜನಗೂಡಿನ ಕಡೆಯಿಂದ ಬಂದ ನಮ್ಮ ತಾತ, ಕೆಲಸ ಮುಗಿದ ಮೇಲೆ ಊರಿಗೆ ಮರಳದೆ ಅಲ್ಲೇ ಆಲೂಗಡ್ಡೆ, ಕ್ಯಾರೆಟ್ಟು ಬೆಳೆಯುತ್ತ ಉಳಿದರಂತೆ. ನಾನು ಹುಟ್ಟುವ ಹೊತ್ತಿಗೆ ತಾತ ಇರಲಿಲ್ಲ. ತಗಡಿನ ಮಾಡಿನ ಮೂರು ಕೋಣೆಯ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಅಪ್ಪನ ತಂಗಿ ಗೌರತ್ತೆ ಮತ್ತು ನಾನು. ಮೇಲಿನ ಹಟ್ಟಿಯಲ್ಲಿ ಆ ಬೆಟ್ಟದವರೇ ಆದ ಬಡಗರ ಮನೆಗಳು. ಅವರು ತಮ್ಮ ಮಾತಿನಲ್ಲಿ ಕೇಳಿದರೆ ನಾವು ನಮ್ಮ ಕನ್ನಡದಲ್ಲಿ ಉತ್ತರಿಸುತ್ತಿದ್ದೆವು, ಇಬ್ಬರಿಗೂ ತಿಳಿಯದ ಜಾಗದಲ್ಲಿ ತಮಿಳು ಬರುತ್ತಿತ್ತು. ಆ ಹಟ್ಟಿಯ ಮಾದಿ ಹೆತ್ತೆ ಅಜ್ಜಿಯ ಆಪ್ತ ಗೆಳತಿ. ಹೆತ್ತೆ ಎಂದರೆ ಅವರಲ್ಲಿ ಅಜ್ಜಿ. ಹೀಗಾಗಿ ನನಗೆ ಒಬ್ಬಳು ಅಜ್ಜಿ, ಒಬ್ಬಳು ಹೆತ್ತೆ.

ಚಳಿಗಾಲ ಬಂತೆಂದರೆ ನಮ್ಮ ಮನೆಯ ಹೆಂಗಸರಿಗೆ ಕೂದಲಿನದೇ ಒಂದು ಬೇರೆ ದುಡಿಮೆ. ಬೆಳಿಗ್ಗೆ ಏಳುವಾಗ ಹುಲ್ಲೆಲ್ಲ ಉಪ್ಪು ಚೆಲ್ಲಿದಂತೆ ಬೆಳ್ಳಗಿರುತ್ತಿತ್ತು. ತೆಂಗಿನೆಣ್ಣೆ ಶೀಶೆಯೊಳಗೆ ಮೇಣದ ಹಾಗೆ ಗಟ್ಟಿಯಾಗುತ್ತಿದ್ದುದರಿಂದ ಅಜ್ಜಿ ಆ ನಾಲ್ಕು ತಿಂಗಳು ಅದನ್ನು ಬದಿಗಿಟ್ಟು ಎಳ್ಳೆಣ್ಣೆಗೆ ನಾಲ್ಕು ಮೆಣಸಿನಕಾಳು, ಚಿಟಿಕೆ ಮೆಂತ್ಯ ಹಾಕಿ ಕಾಯಿಸುತ್ತಿದ್ದಳು. ಎಣ್ಣೆ ಹಚ್ಚಿದ ಮೇಲೆ ಸೀಗೆಕಾಯಿ. ತಲೆಗೆ ನೀರು ಬೀಳುವುದು ಬಿಸಿಲು ಖಚಿತವಾದ ದಿನ ಮಾತ್ರ, ಅದೂ ಹದಿನೈದು ದಿನಕ್ಕೊಮ್ಮೆ. ಸ್ನಾನ ಮುಗಿದ ಕೂಡಲೇ ಕಿವಿಯ ಹಿಂದೆ ಒಂದೊಂದು ಹನಿ ನೀಲಗಿರಿ ತೈಲ. ಮಲಗುವಾಗ ಜಡೆಯನ್ನು ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಬೇಕು, ಇಲ್ಲದಿದ್ದರೆ ಕಂಬಳಿಗೆ ಉಜ್ಜಿ ಕೂದಲು ಚಟಚಟನೆ ಕಿಡಿಗುಟ್ಟಿ ತುಂಡಾಗುತ್ತಿತ್ತು. ನನ್ನ ಸೊಂಟದುದ್ದದ ಕೂದಲಿಗೂ ಇದೇ ನಿಯಮ. ಅಜ್ಜಿಯ ಎರಡು ಮೊಣಕಾಲುಗಳ ನಡುವೆ ಕೂತು, ಅವಳ ಬೆರಳುಗಳ ಬಿಸಿ ನೆತ್ತಿಗೆ ಇಳಿಯುವಾಗ ನನಗೆ ಯಾವಾಗಲೂ ನಿದ್ದೆ ಬರುತ್ತಿತ್ತು.

ಗೌರತ್ತೆಯ ಕೂದಲಿನ ಮಾತೇ ಬೇರೆ. ಅದು ಮೊಣಕಾಲು ದಾಟುತ್ತಿತ್ತು. ಜಡೆ ಹಾಕಿದರೆ ನನ್ನ ತೋಳಿನಷ್ಟು ದಪ್ಪ. ನಿಂತು ಬಾಚಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ. ಮಂಚದ ಮೇಲೆ ಅವಳು ಕೂತರೆ, ಕೆಳಗೆ ನಾನು ಕೂತು ತುದಿಯ ಸಿಕ್ಕು ಬಿಡಿಸುತ್ತಿದ್ದೆ. ನೋಡಿದವರು ಹೊಗಳುತ್ತಿದ್ದರು. ಹೊತ್ತವಳ ಕಷ್ಟ ನೋಡಿದವರಿಗೆ ಗೊತ್ತಿರಲಿಲ್ಲ. ತಲೆಗೆ ಸ್ನಾನ ಮಾಡಿದ ದಿನ ನೀರುಂಡ ಆ ಭಾರಕ್ಕೆ ಅವಳ ಕತ್ತು ನೋಯುತ್ತಿತ್ತು. ಸಂಜೆಯ ಹೊತ್ತಿಗೆ ಮೂಗು ಕಟ್ಟಿ, ಹಣೆ ಸಿಡಿದು, ಮಾತಾಡಲಾರದೆ ಮಲಗುತ್ತಿದ್ದಳು. ಅವಳಿಗಾಗ ಇಪ್ಪತ್ತೆರಡು. ಎಮರಾಲ್ಡಿನ ಬಾಲವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ನರ್ಸ್ ತರಬೇತಿಗೆ ಸೇರಬೇಕೆಂಬುದು ಅವಳ ಆಸೆ. ತುಂಬಿಸಿದ ಅರ್ಜಿಯೊಂದು ಅವಳ ಟ್ರಂಕಿನಲ್ಲಿತ್ತು. "ಈ ಹೊರೆ ಇಟ್ಕೊಂಡು ಯಾವ ಟೋಪಿ ಹಾಕ್ಲಿ ಹೇಳು ಪುಟ್ಟಿ" ಎಂದು ಜಡೆಯನ್ನು ತಲೆಯ ಮೇಲೆ ಸಿಂಬಿಯ ಹಾಗೆ ಸುತ್ತಿ ತೋರಿಸಿ ನನ್ನನ್ನು ನಗಿಸುತ್ತಿದ್ದಳು.

ಹಿಂದಿನ ವರ್ಷದ ಚಳಿಗಾಲದಲ್ಲಿ ಅವಳಿಗೆ ನ್ಯುಮೋನಿಯಾ ಆಗಿತ್ತು. ತಲೆಸ್ನಾನ ಮಾಡಿದ ಮಾರನೆಯ ದಿನ ಶುರುವಾದ ಜ್ವರ, ಹನ್ನೆರಡು ದಿನ ಆಸ್ಪತ್ರೆ. ಕೂದಲನ್ನು ಸೊಂಟದವರೆಗಾದರೂ ಕತ್ತರಿಸಿ ಎಂದು ಡಾಕ್ಟರು ಹೇಳಿ ಕಳಿಸಿದರು. ಅಂದಿನಿಂದ ಮನೆಯಲ್ಲಿ ಅದೇ ಜಗಳ. "ಅವ್ವ, ಒಂದು ಮೊಳ ಕತ್ತರಿಸಿದ್ರೆ ಏನು ಹೋಗುತ್ತೆ ನಿಂಗೆ?" ಎಂದು ಗೌರತ್ತೆ ಕೇಳುವಳು. "ನನ್ನ ಮನೇಲಿ ಹೆಣ್ಣುಮಕ್ಕಳ ತಲೆಗೆ ಕತ್ತರಿ ಇಟ್ಟಿಲ್ಲ, ನಾನು ಬದುಕಿರೋವರ್ಗೂ ಇಡೋದೂ ಇಲ್ಲ" ಎಂದು ಅಜ್ಜಿ ಒಲೆಯ ಕಡೆ ತಿರುಗುವಳು. ಆ ಹಟದ ಕೆಳಗೆ ಭಯವಿತ್ತು. ಅಜ್ಜಿಯ ಹಿರಿಯ ಮಗಳು, ಐದು ವರ್ಷದವಳು, ಇವರು ಬೆಟ್ಟಕ್ಕೆ ಬಂದ ಮೊದಲ ಚಳಿಗಾಲದಲ್ಲೇ ಎದೆಗೆ ಶೀತ ಕಟ್ಟಿ ತೀರಿಹೋಗಿದ್ದಳು. ಆ ಮಗುವಿನ ಒದ್ದೆ ತಲೆಗೆ ಗಾಳಿ ಹೊಡೆದದ್ದೇ ಕಾರಣ ಎಂದು ಅಜ್ಜಿ ನಂಬಿದ್ದಳು. ಅವಳಿಗೆ ಗೊತ್ತಿದ್ದ ಒಬ್ಬನೇ ಶತ್ರು ಆ ಗಾಳಿ. ಗೌರತ್ತೆಗೆ ಜ್ವರ ಬಂದು ಹೋದ ಮೇಲಂತೂ ತಲೆಸ್ನಾನದ ದಿನ ಅಜ್ಜಿಯ ಮುಖ ನೋಡಲಾಗುತ್ತಿರಲಿಲ್ಲ. ಬಚ್ಚಲಿನಿಂದ ಹೊರಬಂದ ಮಗಳನ್ನು ಕಳ್ಳಮಾಲಿನ ಹಾಗೆ ಕಂಬಳಿಯಲ್ಲಿ ಸುತ್ತಿ ಬಿಸಿಲಿಗೆ ಓಡಿಸುತ್ತಿದ್ದಳು.

ನನಗೆ ಹತ್ತು ವರ್ಷವಾಗಿದ್ದ ಆ ಜನವರಿಯಲ್ಲಿ ಮಸಿನಗುಡಿಯ ಕಡೆಯಿಂದ ಒಂದು ಸಂಬಂಧ ಬಂತು. ಅಲ್ಲಿ ಅಂಗಡಿ ಇಟ್ಟಿದ್ದ ಕನ್ನಡದ ಮನೆಯವರು. ಹುಡುಗನ ತಾಯಿ ಊಟಿಯ ಯಾವುದೋ ಮದುವೆಯಲ್ಲಿ ಗೌರತ್ತೆಯನ್ನು ಹಿಂದಿನಿಂದ ನೋಡಿ, ಆ ಜಡೆಯ ಹುಡುಗಿ ಯಾರ ಮಗಳು ಎಂದು ವಿಚಾರಿಸಿದ್ದರಂತೆ. ಭಾನುವಾರ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅಜ್ಜಿ ಹಿಗ್ಗಿಹೋದಳು. "ನೋಡು, ಕತ್ತರಿಸ್ತೀನಿ ಕತ್ತರಿಸ್ತೀನಿ ಅಂತಿದ್ಯಲ್ಲ" ಎಂದಳು. "ಅವರು ಬರ್ತಿರೋದು ಜಡೆ ನೋಡೋಕೆ ಅವ್ವ. ನನ್ನ ಮುಖ ಹೆಂಗಿದೆ ಅಂತ ಅವರಿಗೆ ಗೊತ್ತೇ ಇಲ್ಲ" ಎಂದು ಗೌರತ್ತೆ ಎದ್ದು ಹೋದಳು. ಕಷ್ಟವೆಂದರೆ, ಆ ತಿಂಗಳು ಹಿಮ ಬೀಳಲಿಲ್ಲ. ಹಿಮ ಬಿದ್ದ ದಿನ ಹಗಲು ಚೊಕ್ಕ ಬಿಸಿಲಿರುತ್ತದೆ. ಅದರ ಬದಲು ಮೋಡ ಕೆರೆಯ ಮೇಲೆ ಕೂತುಬಿಟ್ಟಿತ್ತು. ಮೂರು ವಾರದಿಂದ ಗೌರತ್ತೆಯ ತಲೆಗೆ ನೀರು ಬಿದ್ದಿರಲಿಲ್ಲ. ಎಣ್ಣೆ ಕಂಬಳಿಯ ವಾಸನೆ ಹಿಡಿದು ಕೂದಲು ಅಂಟಂಟಾಗಿತ್ತು. ಗುರುವಾರ ಕಾದೆವು, ಶುಕ್ರವಾರ ಕಾದೆವು. ಅಜ್ಜಿ ನಿಮಿಷಕ್ಕೊಮ್ಮೆ ಹಿತ್ತಿಲಿಗೆ ಹೋಗಿ ಆಕಾಶ ನೋಡಿ ಬರುತ್ತಿದ್ದಳು. ಮನೆಯಲ್ಲಿ ಯಾರೂ ಯಾರೊಂದಿಗೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೋಡ ಹರಿಯಿತು. ಕೆರೆ ಹೊಳೆಯಿತು. ಅಪ್ಪ ಅಮ್ಮ ಮಾರನೆಯ ದಿನಕ್ಕೆ ಸಾಮಾನು ತರಲೆಂದು ಮೊದಲ ಬಸ್ಸಿಗೇ ಮಂಜೂರು ಪೇಟೆಗೆ ಹೋಗಿದ್ದರು. ಅಜ್ಜಿ ಹಂಡೆಯ ಕೆಳಗೆ ಸೌದೆ ತುರುಕಿ, "ಗೌರೀ, ಏಳು, ಬೇಗ" ಎಂದಳು. ಹತ್ತು ಗಂಟೆಗೆ ಸ್ನಾನ ಮುಗಿಯಿತು. ಹಿತ್ತಿಲ ಕಲ್ಲುಬಂಡೆಯ ಮೇಲೆ ಗೌರತ್ತೆಯನ್ನು ಬೆನ್ನು ಬಿಸಿಲಿಗೆ ಮಾಡಿ ಕೂರಿಸಿ, ಕೂದಲನ್ನು ಒಂದು ಕುರ್ಚಿಯ ಬೆನ್ನಿನ ಮೇಲಿಂದ ಹರಡಿದೆವು. ಸೀಗೆಕಾಯಿಯ ಕಂಪು, ಬಿಸಿಯಾಗುತ್ತಿದ್ದ ಕಲ್ಲಿನ ಕಂಪು. ಮೂರು ವಾರದಲ್ಲಿ ಮೊದಲ ಬಾರಿಗೆ ಗೌರತ್ತೆ ಕಣ್ಣು ಮುಚ್ಚಿ ಮುಗುಳ್ನಕ್ಕಳು. ಎರಡು ಗಂಟೆ ಬಿಸಿಲು ಸಿಕ್ಕಿದ್ದರೆ ಸಾಕಿತ್ತು. ಆದರೆ ಇನ್ನೂ ಅರ್ಧವೂ ಒಣಗಿರಲಿಲ್ಲ, ಕೆರೆಯ ಆಚೆಯ ಗುಡ್ಡ ಮಾಯವಾಯಿತು. ಆಮೇಲೆ ಕೆರೆ. ಆಮೇಲೆ ನಮ್ಮ ಕ್ಯಾರೆಟ್ಟಿನ ಹೊಲ. ಮಂಜು ಮೆಟ್ಟಿಲು ಹತ್ತಿದ ಹಾಗೆ ಮೇಲೆ ಬಂತು. ಅಜ್ಜಿ ಕಿರುಚಿದ್ದು ನನಗೆ ಇನ್ನೂ ಕೇಳಿಸುತ್ತದೆ. "ಒಳಗೆ ನಡಿ! ಒಳಗೆ ನಡಿ! ತಲೆ ಮುಚ್ಕೊ!"

ಸಾಮಾನ್ಯವಾಗಿ ಇಂಥ ದಿನ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು ತಲೆ ಒಣಗಿಸಿಕೊಳ್ಳುವುದು. ಅಲ್ಲಿ ಹೊಗೆ ಹೋಗಲು ಗೂಡಿತ್ತು. ಆದರೆ ಅವತ್ತು ಸೌದೆ ಹಸಿಯಾಗಿತ್ತು, ಅಡುಗೆಮನೆ ತುಂಬ ಹೊಗೆ. ನಾಳೆ ನೋಡಲು ಬರುವವರಿಗೆ ಹುಡುಗಿಯ ಕೂದಲು ಹೊಗೆ ನಾರಬಾರದು. ಅಜ್ಜಿ ಎರಡು ಅಗ್ಗಿಷ್ಟಿಕೆಗಳಿಗೆ ಇದ್ದಿಲು ತುಂಬಿ, ಹೊಗೆ ಹೋಗಿ ಕೆಂಡ ಕೆಂಪಾಗುವ ತನಕ ಹೊರಗೆ ಬೀಸಿ, ನಡುವಿನ ಸಣ್ಣ ಕೋಣೆಗೆ ತಂದಿಟ್ಟಳು. ಒಂದು ಅಗ್ಗಿಷ್ಟಿಕೆ ಮೈ ಬೆಚ್ಚಗಿರಲು. ಇನ್ನೊಂದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಆ ಬುಟ್ಟಿಯ ಮೇಲೆ ಕೂದಲು ಹರಡುವುದು. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದರ ಸಂದಿಗೆ ಅಜ್ಜಿ ಗೋಣಿಚೀಲ ತುರುಕಿದಳು. ಆಮೇಲೆ ನನ್ನನ್ನು ಕರೆದು ಕೈಗೆ ಇಕ್ಕಳ ಕೊಟ್ಟಳು. ಮಾರನೆಯ ದಿನ ಬಸ್‌ಸ್ಟಾಪಿನಿಂದ ನೆಂಟರನ್ನು ಕರೆತರಲು ಮಾದಿ ಹೆತ್ತೆಯ ಮಗನ ಜೀಪು ಕೇಳಿ ಬರಲು ಅವಳು ಹಟ್ಟಿಗೆ ಹೋಗಬೇಕಿತ್ತು. "ನಾನು ಬರೋವರ್ಗೂ ಬಾಗಿಲು ತೆಗೀಬೇಡ. ಗಾಳಿ ಹೊಡೆದ್ರೆ ಅವಳ ಎದೆಗೆ ಕಟ್ಕೊಳ್ಳುತ್ತೆ, ಹೋದ ವರ್ಷದ ಹಂಗೆ. ನೀನೇ ನೋಡ್ಕೋಬೇಕು ಪುಟ್ಟಿ, ತಿಳೀತಾ?" ತಿಳಿಯಿತು ಎಂದೆ. ಅಷ್ಟು ದೊಡ್ಡ ಕೆಲಸ ಯಾರೂ ಅದುವರೆಗೆ ನನಗೆ ಒಪ್ಪಿಸಿರಲಿಲ್ಲ. ಅವಳು ಹೋದ ಮೇಲೆ ಬಾಗಿಲ ಕೆಳಗಿನ ಸಂದಿಗೂ ಒಂದು ಗೋಣಿ ಮಡಿಸಿ ಒತ್ತಿದ್ದು ನಾನೇ.

ಗೌರತ್ತೆ ಚಾಪೆಯ ಮೇಲೆ ಮಲಗಿದಳು. ತಲೆಯ ಕೆಳಗೆ ಮಡಿಸಿದ ಕಂಬಳಿ, ಕೂದಲು ಬುಟ್ಟಿಯ ಮೇಲೆ ಕರಿಯ ಜಮಖಾನದ ಹಾಗೆ. ನಾನು ಬಾಚಣಿಗೆಯಿಂದ ಅದನ್ನು ಮಗುಚಿ ಹಾಕುತ್ತ, ಕೆಂಡ ಬೂದಿಯಾದಲ್ಲಿ ಹೊಸ ಇದ್ದಿಲು ಇಡುತ್ತ ಕೂತೆ. ಸಾಂಬ್ರಾಣಿಯ ಪರಿಮಳ, ಮೈಗೆ ಹಿತವಾದ ಬಿಸಿ. ಅವಳು ಮೊದಮೊದಲು ಮಾತಾಡುತ್ತಿದ್ದಳು. ಬಂದವರು ಒಪ್ಪಿದರೆ ಅರ್ಜಿ ಹರಿದು ಹಾಕಬೇಕಾಗುತ್ತದೆ ಎಂದಳು. ಒಪ್ಪದಿದ್ದರೆ ಅವ್ವನಿಗೆ ಹೇಳದೆ ಅಂಚೆಗೆ ಹಾಕುತ್ತೇನೆ, ನೀನು ಯಾರಿಗೂ ಹೇಳಬಾರದು ಎಂದಳು. ಆಮೇಲೆ ಸುಮ್ಮನಾದಳು. ನನಗೆ ಹಣೆಯ ಎರಡೂ ಬದಿ ಬಡಿದುಕೊಳ್ಳಲು ಶುರುವಾಗಿತ್ತು. ಹೊಟ್ಟೆ ತೊಳಸುತ್ತಿತ್ತು. ಬೆಳಿಗ್ಗೆ ಸರಿಯಾಗಿ ತಿನ್ನದೆ ಇದ್ದದ್ದಕ್ಕೆ ಇರಬೇಕು ಎಂದುಕೊಂಡೆ. ಆಗ ಗೌರತ್ತೆ ಕಣ್ಣು ತೆರೆಯದೆಯೇ ಹೇಳಿದಳು: "ಪುಟ್ಟಿ, ತಲೆ ಸಿಡೀತಿದೆ ಕಣೆ. ಬಾಗಿಲು ಸ್ವಲ್ಪ ತೆಗಿ."

ನಾನು ಕೂದಲು ಮುಟ್ಟಿ ನೋಡಿದೆ. ಬುಡದಲ್ಲಿ ಇನ್ನೂ ಒದ್ದೆಯಿತ್ತು. "ಇನ್ನೂ ಒಣಗಿಲ್ಲ ಅತ್ತೆ. ಅಜ್ಜಿ ಬಯ್ತಾಳೆ" ಎಂದೆ.

"ಸರಿ ಬಿಡು" ಎಂದಳು ಅವಳು.

ಬಾಗಿಲು ನನ್ನಿಂದ ಎರಡು ಮೊಳ ದೂರದಲ್ಲಿತ್ತು. ಚಿಲಕ ಹಾಕಿರಲಿಲ್ಲ. ಗೋಣಿ ಸರಿಸಿ ಎಳೆದರೆ ತೆರೆಯುತ್ತಿತ್ತು. ನಾನು ತೆರೆಯಲಿಲ್ಲ. ಇನ್ನೊಂದು ಇದ್ದಿಲು ಇಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಇಕ್ಕಳ ಕೈಯಿಂದ ಬಿದ್ದದ್ದು ನೆನಪಿದೆ. ಅದನ್ನು ಎತ್ತಿಕೊಳ್ಳಬೇಕು ಅನ್ನಿಸಿತು, ಕೈ ಬರಲಿಲ್ಲ. ಕಾಲು ಯಾರದೋ ಕಾಲಿನ ಹಾಗೆ ದೂರವಿತ್ತು. ಗೌರತ್ತೆಯ ಕೆನ್ನೆ ಕೆಂಪಗೆ, ಹಬ್ಬದ ದಿನದ ಹಾಗೆ ಚೆನ್ನಾಗಿ ಕಾಣುತ್ತಿತ್ತು. ಅದೇ ಕೊನೆಯದಾಗಿ ನಾನು ನೋಡಿದ್ದು.

ಮುಂದಿನದನ್ನು ನಾನು ಮಾದಿ ಹೆತ್ತೆಯ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಅಜ್ಜಿ ಹಟ್ಟಿಗೆ ಹೋದಾಗ ಮಗ ಜೀಪು ತೆಗೆದುಕೊಂಡು ಹೊರಗೆ ಹೋಗಿದ್ದನಂತೆ. ಅವನು ಬರುವವರೆಗೆ ಕಾಯುತ್ತೇನೆಂದು ಅಜ್ಜಿ ಅಲ್ಲೇ ಕೂತಳು. ಅಷ್ಟರಲ್ಲಿ ಹೆತ್ತೆ, ನೆಂಟರ ಊಟಕ್ಕೆಂದು ತೆಗೆದಿಟ್ಟ ಬೆಣ್ಣೆಯನ್ನು ನಮ್ಮ ಅಡುಗೆಮನೆಯಲ್ಲಿಟ್ಟು ಬರಲು ಇಳಿಜಾರಿಳಿದಳು. ಮಂಜಿನಲ್ಲಿ ಮನೆ ಕಾಣುವ ಮೊದಲೇ ಅವಳಿಗೆ ವಾಸನೆ ಬಡಿಯಿತು. ಒಳಗೆ ಗೌರತ್ತೆಗೆ ಎಚ್ಚರ ತಪ್ಪಿ, ತಲೆ ವಾಲಿ, ಬುಟ್ಟಿ ಉರುಳಿತ್ತು. ಕೂದಲು ಕೆಂಡದ ಮೇಲೆ ಬಿದ್ದಿತ್ತು. ಒದ್ದೆಯಿದ್ದುದರಿಂದ ಹೊತ್ತಿ ಉರಿಯದೆ, ಇಂಚಿಂಚಾಗಿ ಮೇಲಕ್ಕೆ ಸುಡುತ್ತ ಬರುತ್ತಿತ್ತು. ಆ ದುರ್ನಾತ ತಗಡಿನ ಮಾಡಿನ ಸಂದಿಯಿಂದ ಹೊರಗೆ ಬಂದು ಮಂಜಿನಲ್ಲಿ ನಿಂತಿತ್ತು. "ಗೌರೀ! ಏ ಕೂಸೇ!" ಎಂದು ಹೆತ್ತೆ ಕೂಗಿದಳಂತೆ. ಉತ್ತರ ಬರಲಿಲ್ಲ. ಎಪ್ಪತ್ತರ ಹತ್ತಿರದ ಆ ಹೆಂಗಸು ಭುಜ ಕೊಟ್ಟು ಬಾಗಿಲು ನೂಕಿದಳು. ಗೋಣಿಯ ಹಿಂದೆ ನಾನೇ ಅಡ್ಡ ಬಿದ್ದಿದ್ದೆ. ನನ್ನ ಸಮೇತ ಬಾಗಿಲು ಸರಿಸಿ, ಮೊದಲು ನನ್ನನ್ನು ಕಾಲು ಹಿಡಿದು ಅಂಗಳಕ್ಕೆ ಎಳೆದಳು. ಆಮೇಲೆ ಉಸಿರು ಬಿಗಿಹಿಡಿದು ಮತ್ತೆ ಒಳಗೆ ಹೋಗಿ ಗೌರತ್ತೆಯನ್ನು ಎಳೆದು ತಂದಳು. ಕುಡಿಯುವ ನೀರಿನ ಕೊಡವನ್ನೇ ಅವಳ ತಲೆಯ ಮೇಲೆ ಸುರಿದಳು. ಆಮೇಲೆ ಅಂಗಳದಲ್ಲಿ ನಿಂತು, ಹಟ್ಟಿಗೆ ಕೇಳುವ ಹಾಗೆ ಕಿರುಚಿದಳು.

ಅಜ್ಜಿ ಕೇಳಲು ಹೋಗಿದ್ದ ಜೀಪು ಅಷ್ಟರಲ್ಲಿ ಹಟ್ಟಿಗೆ ಮರಳಿತ್ತು, ಮಾರನೆಯ ದಿನದ ಬದಲು ಅವತ್ತೇ ನಮ್ಮ ಮನೆಗೆ ಬಂತು. ಎಮರಾಲ್ಡಿನ ಆಸ್ಪತ್ರೆಯವರು ಊಟಿಗೆ ಕಳಿಸಿದರು. ದಾರಿಯಲ್ಲಿ ಗಾಳಿಗೆ ನನಗೆ ಎಚ್ಚರವಾಯಿತು. ಕಣ್ಣು ತೆರೆದಾಗ ಜೀಪಿನ ಕಿಟಕಿಗಳೆಲ್ಲ ತೆರೆದಿದ್ದವು. ಗಾಳಿ ಚಾಕುವಿನ ಹಾಗೆ ಒಳಗೆ ಬರುತ್ತಿತ್ತು. ಅಜ್ಜಿ ಗೌರತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಂದು ಕಡೆಯ ಕೂದಲು ಕಿವಿಯವರೆಗೆ ಸುಟ್ಟು ಗಂಟುಗಂಟಾಗಿತ್ತು, ಇನ್ನೊಂದು ಕಡೆಯದು ಇನ್ನೂ ಅಜ್ಜಿಯ ಪಾದದ ಹತ್ತಿರ ಒದ್ದೆಯಾಗಿ ಬಿದ್ದಿತ್ತು. ಆ ಗಾಳಿಯಲ್ಲಿ ಅದನ್ನು ಮುಚ್ಚಲು ಅಜ್ಜಿ ಕೈ ಎತ್ತುತ್ತಿದ್ದಳು, ಮತ್ತೆ ಕೆಳಗಿಳಿಸುತ್ತಿದ್ದಳು. ಮುಚ್ಚಬೇಕೋ ಬಿಡಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ.

ಗೌರತ್ತೆಗೆ ಪ್ರಜ್ಞೆ ಬಂದದ್ದು ಭಾನುವಾರ ಮಧ್ಯಾಹ್ನ. ಅಷ್ಟು ಹೊತ್ತು ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ನಾವು ಕೂತಿದ್ದೆವು. ಸುದ್ದಿ ತಿಳಿದು ಓಡಿಬಂದಿದ್ದ ಅಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ. ಇದ್ದಿಲಿನ ಕೆಂಡ ಮುಚ್ಚಿದ ಕೋಣೆಯಲ್ಲಿ ವಿಷಗಾಳಿ ಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ, ಇನ್ನು ಕಾಲು ಗಂಟೆ ಆಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಆಮೇಲೆ ನನ್ನ ಮುಂದೆ ಬಗ್ಗಿ, ತಲೆನೋವು ಬಂದಾಗ ಬಾಗಿಲು ಯಾಕೆ ತೆಗೆಯಲಿಲ್ಲಮ್ಮ ಎಂದು ಕೇಳಿದರು. "ಗೊತ್ತಾಗ್ಲಿಲ್ಲ" ಎಂದೆ. ಗೌರತ್ತೆ ಕೇಳಿದ್ದಳು ಎಂದು ಹೇಳಲಿಲ್ಲ. ನಾನು ಹೇಳುವ ಮೊದಲೇ ಅಜ್ಜಿ ಎದೆ ಬಡಿದುಕೊಂಡು, "ಅದಕ್ಕೇನು ಗೊತ್ತು ಕೂಸಿಗೆ? ತೆಗೀಬೇಡ ಅಂದವಳು ನಾನು. ನನ್ನ ಮಕ್ಕಳನ್ನ ನಾನೇ ಕೊಂದ್ಬಿಡ್ತಿದ್ದೆ" ಎಂದಳು. ಅವಳ ತುರುಬು ಬಿಚ್ಚಿಹೋಗಿತ್ತು. ಸದಾ ಸೆರಗಿನ ಕೆಳಗಿರುತ್ತಿದ್ದ ಅಜ್ಜಿಯ ಕೂದಲು ಹಾಗೆ ಬಿಚ್ಚಿ ಬಿದ್ದದ್ದನ್ನು ನಾನು ಮೊದಲ ಸಲ ನೋಡಿದೆ. ತೆಳ್ಳಗೆ, ಬೆಳ್ಳಗೆ, ಸೊಂಟದವರೆಗಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವಳು ನಂಜುಂಡನಿಗೆ ಹರಕೆ ಹೇಳಿಕೊಂಡಳು.

ಮಸಿನಗುಡಿಯವರು ಭಾನುವಾರ ಬಂದು ಬೀಗ ಹಾಕಿದ ಬಾಗಿಲು ನೋಡಿ, ಹಟ್ಟಿಯಲ್ಲಿ ವಿಷಯ ತಿಳಿದು ಹೋದರಂತೆ. ಮತ್ತೆ ಬರಲಿಲ್ಲ. ಆಸ್ಪತ್ರೆಯಲ್ಲೇ ನರ್ಸೊಬ್ಬಳು ಗೌರತ್ತೆಯ ಉಳಿದ ಕೂದಲನ್ನು ಕತ್ತಿನವರೆಗೆ ಕತ್ತರಿಸಿದಳು. ಮನೆಗೆ ಬಂದ ಮೇಲೆ ಒಂದು ತಿಂಗಳು ತಾಯಿ ಮಗಳ ನಡುವೆ ಮಾತಿಲ್ಲ. ಗೌರತ್ತೆ ಕೋಪವನ್ನೂ ತೋರಿಸಲಿಲ್ಲ. ಅಜ್ಜಿ ಅವಳ ತಲೆಯ ಕಡೆ ನೋಡದೆ, ಪಾದದ ಕಡೆ ನೋಡುತ್ತ ತಟ್ಟೆ ಇಟ್ಟು ಹೋಗುತ್ತಿದ್ದಳು. ನನ್ನ ತಲೆಯನ್ನೂ ಅಜ್ಜಿ ಮುಟ್ಟಲಿಲ್ಲ. ಬಾಚಣಿಗೆ ಹಿಡಿದು ಎದುರು ಹೋಗಿ ನಿಂತರೆ, "ಅಮ್ಮನ ಹತ್ರ ಹೋಗವ್ವ" ಎನ್ನುತ್ತಿದ್ದಳು. ನನ್ನೊಳಗೆ ಒಂದು ಮಾತಿತ್ತು. ಅದನ್ನು ಹೇಳಿದರೆ ಅಜ್ಜಿಯ ಎದೆಯಿಂದ ಸ್ವಲ್ಪ ಭಾರ ಇಳಿಯುತ್ತಿತ್ತು. ಊಟಕ್ಕೆ ಕೂತಾಗ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ, ಆ ಬಾಯಿಗೆ ತುತ್ತು ಇಟ್ಟುಕೊಳ್ಳುತ್ತಿದ್ದೆ. ದಿನ ಕಳೆದಷ್ಟೂ ಅದು ಹೇಳಲಾಗದ ಮಾತಾಯಿತು.

ಫೆಬ್ರವರಿಯಲ್ಲಿ ಅಪ್ಪ ಅಜ್ಜಿಯನ್ನು ನಂಜನಗೂಡಿಗೆ ಕರೆದುಕೊಂಡು ಹೋದ. ಅಜ್ಜಿ ಕಪಿಲೆಯ ದಡದಲ್ಲಿ ಮುಡಿ ಕೊಟ್ಟಳು. ಕತ್ತರಿಯೇ ತಾಗಬಾರದೆಂದವಳು ಎರಡು ದಿನ ಬಿಟ್ಟು ಸಂಜೆಯ ಬಸ್ಸಿಗೆ ಬಂದಿಳಿದಾಗ ಸೆರಗಿನ ಕೆಳಗೆ ಏನೂ ಇರಲಿಲ್ಲ. ಮನೆಯ ಹೊಸ್ತಿಲು ದಾಟುವಾಗ ಗಾಳಿಗೆ ಸೆರಗು ಜಾರಿತು. ಗಂಧ ಹಚ್ಚಿದ, ಸಣ್ಣದಾಗಿ ಕಂಡ ಆ ಬೋಳುತಲೆ ನೋಡಿ ಅಮ್ಮ ಅಳುವುದಕ್ಕೆ ಶುರು ಮಾಡಿದಳು. ಅಜ್ಜಿ ನಿಂತಲ್ಲೇ ನಿಂತಿದ್ದಳು, ಬೈಸಿಕೊಳ್ಳಲು ನಿಂತ ಶಾಲೆಯ ಮಗುವಿನ ಹಾಗೆ. ಗೌರತ್ತೆ ಒಳಗಿನಿಂದ ಬಂದು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಕತ್ತಿಗೆ ಸುತ್ತಿದ್ದ ಉಣ್ಣೆಯ ಮಫ್ಲರನ್ನು ಬಿಚ್ಚಿದಳು. "ಬಾ ಅವ್ವ ಇಲ್ಲಿ. ತಲೆಗೆ ಚಳಿ ಹಿಡಿಯುತ್ತೆ" ಎಂದು ಅಜ್ಜಿಯ ತಲೆಗೆ ಸುತ್ತಿ, ಗಲ್ಲದ ಕೆಳಗೆ ಗಂಟು ಹಾಕಿದಳು. ಅಜ್ಜಿ ಕೈಯೆತ್ತಿ ಗೌರತ್ತೆಯ ಮೋಟು ಕೂದಲನ್ನು ಮುಟ್ಟಿದಳು. ಒಂದು ಸಲ ಮುಟ್ಟಿ, ಕೈ ತೆಗೆಯದೆ ಹಾಗೇ ಇಟ್ಟುಕೊಂಡಳು.

ಗೌರತ್ತೆ ಆ ಅರ್ಜಿಯನ್ನು ಅಂಚೆಗೆ ಹಾಕಿದಳು. ತರಬೇತಿ ಮುಗಿಸಿ ದೇವಾಲದ ಕಡೆ ಎಸ್ಟೇಟಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ಸೇರಿದವಳು ಕೊನೆಯವರೆಗೆ ಅಲ್ಲೇ ಉಳಿದಳು. ಮದುವೆಯಾಗಲಿಲ್ಲ, ಅದರ ಬಗ್ಗೆ ಕೇಳಿದರೆ ನಗುತ್ತಿದ್ದಳು. ಚಳಿಗಾಲದಲ್ಲಿ ಅವಳು ಕೆಲಸಗಾರರ ಲೈನು ಮನೆಗಳಿಗೆ ಒಂದೊಂದಾಗಿ ಹೋಗಿ, ಕೆಂಡದ ಬಾಣಲೆ ಒಳಗಿಟ್ಟುಕೊಂಡು ಕದ ಮುಚ್ಚಬೇಡಿ ಎಂದು ಮಲಯಾಳ ಬೆರೆತ ತಮಿಳಿನಲ್ಲಿ ಹೇಳುತ್ತಿದ್ದಳಂತೆ. ನಂಬದವರಿಗೆ ಕಿವಿಯ ಹಿಂದಿನ ಸುಟ್ಟ ಕಲೆ ತೋರಿಸುತ್ತಿದ್ದಳಂತೆ. ಅವಳ ಕೂದಲು ಆಮೇಲೆಂದೂ ಭುಜ ದಾಟಲಿಲ್ಲ. ಅಜ್ಜಿ ಅದಾಗಿ ಆರು ವರ್ಷ ಬದುಕಿದ್ದಳು. ಗೌರತ್ತೆ ರಜೆಗೆ ಬಂದಾಗಲೆಲ್ಲ, ಮತ್ತೆ ಬೆಳೆದ ಅಜ್ಜಿಯ ಬಿಳಿಯ ತುಂಡುಗೂದಲಿಗೆ ಎಣ್ಣೆ ಕಾಯಿಸಿ ಹಚ್ಚುತ್ತಿದ್ದಳು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಆ ಮಾತು ಆಗಲೂ ಹೊರಗೆ ಬರಲಿಲ್ಲ. ಅಜ್ಜಿ ತೀರಿಕೊಂಡಳು.

ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಮನೆ ಮಾರಿದೆವು. ರುಜು ಹಾಕಲು ದೇವಾಲದಿಂದ ಬಂದ ಗೌರತ್ತೆಯೂ ನಾನೂ ಕೊನೆಯ ಸಲ ನೋಡಿ ಬರೋಣವೆಂದು ಎಮರಾಲ್ಡಿಗೆ ಹೋದೆವು. ಸಾಮಾನು ಖಾಲಿಯಾದ ಮನೆ ತುಂಬ ಚಿಕ್ಕದಾಗಿತ್ತು. ನಡುವಿನ ಕೋಣೆಯ ಹೊಸ್ತಿಲಲ್ಲಿ ನಿಂತು ನಾನು ಹೇಳಿಬಿಟ್ಟೆ. ಅವತ್ತು ನೀನು ಬಾಗಿಲು ತೆಗಿ ಅಂದಿದ್ದೆ ಅತ್ತೆ, ನಾನು ತೆಗೆಯಲಿಲ್ಲ, ಯಾರಿಗೂ ಹೇಳಲಿಲ್ಲ, ಅಜ್ಜಿ ಸಾಯುವವರೆಗೂ ತನ್ನದೇ ತಪ್ಪು ಅಂದುಕೊಂಡಳು ಎಂದೆ. ಗೌರತ್ತೆ ಆಶ್ಚರ್ಯಪಡಲಿಲ್ಲ.

"ನೆನಪಿದೆ" ಎಂದಳು. "ಕೇಳಿದ್ದೆ. ಆದ್ರೆ ನಾನೇ ಎದ್ದು ತೆಗೀಬೋದಿತ್ತಲ್ಲ ಪುಟ್ಟಿ? ಆಗ ಇನ್ನೂ ಕೈಕಾಲು ಆಡ್ತಿತ್ತು." ಖಾಲಿ ಕೋಣೆಯ ನೆಲ ನೋಡುತ್ತ ಮತ್ತೆ ಹೇಳಿದಳು. "ಅಷ್ಟು ಬೆಚ್ಚಗಿತ್ತು ಕಣೆ. ಆ ಚಳಿಗಾಲದಲ್ಲೆಲ್ಲ ನಂಗೆ ಮೈ ಬೆಚ್ಚಗಾಗಿದ್ದು ಅವತ್ತೊಂದೇ ದಿನ. ಏಳ್ಬೇಕು ಅನ್ನಿಸ್ಲೇ ಇಲ್ಲ."

"ಅಜ್ಜಿಗೆ ಹೇಳ್ಬೇಕಿತ್ತು" ಎಂದೆ.

"ಹೇಳಿದ್ರೂ ಅವ್ವ ಒಪ್ತಿರ್ಲಿಲ್ಲ. ತಪ್ಪನ್ನ ಇನ್ನೊಬ್ಬರಿಗೆ ಬಿಟ್ಟುಕೊಡೋಳಲ್ಲ ಅವಳು" ಎಂದು ನಕ್ಕು, ನನ್ನ ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು. ಬಸ್ಸಿಗೆ ಹೊತ್ತಾಗಿತ್ತು. ಅವಳು ಮುಂದೆ, ನಾನು ಹಿಂದೆ, ಕ್ಯಾರೆಟ್ಟಿನ ಹೊಲದ ಬದುವಿನ ಮೇಲೆ ಹತ್ತಿ ರಸ್ತೆಗೆ ಬಂದೆವು.

ಆ ಜಾಗದಲ್ಲಿ ಈಗ ಪ್ರವಾಸಿಗಳು ಬಂದು ತಂಗುವ ಎರಡು ಕಾಟೇಜುಗಳಿವೆ. ಮಾದಿ ಹೆತ್ತೆ ಹೋಗಿ ಎಷ್ಟೋ ವರ್ಷವಾಯಿತು. ಗೌರತ್ತೆ ಕಳೆದ ಮಳೆಗಾಲದಲ್ಲಿ, ಎರಡು ವರ್ಷದ ಕಾಯಿಲೆಯ ನಂತರ ತೀರಿಕೊಂಡಳು. ಆ ಮನೆಯಲ್ಲಿ ನನ್ನ ತಲೆಗೆ ಎಣ್ಣೆಯಿಟ್ಟು, ಸಿಕ್ಕು ಬಿಡಿಸಿ, ಜಡೆ ಹೆಣೆದ ಕೈಗಳಲ್ಲಿ ಒಂದೂ ಈಗಿಲ್ಲ. ಚಳಿಗಾಲದ ಬೆಳಿಗ್ಗೆ ಸ್ನಾನ ಮಾಡಿ ಬಂದು ನನ್ನ ತಲೆಯನ್ನು ನಾನೇ ಒರೆಸಿಕೊಳ್ಳುತ್ತೇನೆ. ಎಷ್ಟು ಒರೆಸಿದರೂ ಹಿಂದಲೆಯ ಕೆಳಗೆ, ಕತ್ತಿನ ಗುಳಿಯ ಹತ್ತಿರ, ನನ್ನ ಕೈ ಸರಿಯಾಗಿ ಮುಟ್ಟದ ಒಂದಿಷ್ಟು ಜಾಗ ಒದ್ದೆಯಾಗಿಯೇ ಉಳಿಯುತ್ತದೆ.